ಮೂರು ದಿನದ ಸಫಾರಿಗೆ ದುಡ್ಡು, ಒಳಗೆ ಹೋಗಿದ್ದು ಒಂದೇ ದಿನ

ಪ್ರಶ್ನೆ: ಕಳೆದ ಆಗಸ್ಟ್‌ನಲ್ಲಿ ನಾನು, ಹೆಂಡತಿ, 14 ಮತ್ತು 11 ವರ್ಷದ ಮಕ್ಕಳು ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿದ್ದೆವು. ಬೆಂಗಳೂರಿನ ಟೂರ್ ಏಜೆಂಟರಿಗೆ ಒಟ್ಟು 8.6 ಲಕ್ಷ ರೂ. ಕಟ್ಟಿದ್ದೆವು. ನಮಗೆಂದೇ ಲ್ಯಾಂಡ್ ಕ್ರೂಸರ್, ಮಾರಾ ಒಳಗೆ ಮೂರು ದಿನ ಸಫಾರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದುಕೊಟ್ಟಿದ್ದರು. ಸಿಕ್ಕಿದ್ದು ಬೇರೆ ಮೂವರೊಂದಿಗೆ ಒಂದು ವ್ಯಾನ್. ಒಳಗೆ ಹೋಗಿದ್ದು ಒಂದೇ ದಿನ, ಇನ್ನೆರಡು ದಿನ ತಾಲೆಕ್ ಗೇಟಿನ ಹೊರಗೇ ಸುತ್ತಾಡಿಸಿದರು. ವೈಲ್ಡ್‌ಬೀಸ್ಟ್ ಎಂಬ ಹುಲ್ಲೆ ಜಾತಿಯ ಪ್ರಾಣಿಗಳ ಹಿಂಡು ನದಿ ದಾಟುವುದು ನೋಡಲು ಸಿಗಲಿಲ್ಲ. ದೂರದಲ್ಲಿ ಚೀತಾ ಕಂಡರೂ ಡ್ರೈವರ್ ಹತ್ತಿರ ಒಯ್ಯಲಿಲ್ಲ. ಕೇಳಿದರೆ, ‘ಪ್ರಾಣಿಗಳು ನಮ್ಮ ಕೈಲಿಲ್ಲ, ದುಡ್ಡು ವಾಪಸ್ ಇಲ್ಲ ಅಂತ ಷರತ್ತಿನಲ್ಲೇ ಇದೆ’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಮಕ್ಕಳನ್ನು ಅಷ್ಟು ದೂರ ಕರೆದೊಯ್ದು ಗೇಟಿನ ಹೊರಗೆ ದಿನ ಕಳೆದಿದ್ದನ್ನು ಓದಿ ಬೇಸರವಾಯಿತು. ನಿಮಗೆ ಅನ್ಯಾಯವಾಗಿದೆ. ಆದರೆ ದೂರು ಬರೆಯುವ ಮುನ್ನ ಎರಡು ವಿಷಯ ಕೈಬಿಡಿ.

ಒಂದು, ನದಿ ದಾಟುವುದು. ಮಾರಾ ನದಿಯ ದಂಡೆಯಲ್ಲಿ ನಾನೇ ನಾಲ್ಕು ಗಂಟೆ ಕಾದಿದ್ದೇನೆ. ಹಿಂಡು ಅಂಚಿಗೆ ಬಂದು ನಿಂತಿತು, ಮುಂದಿದ್ದದ್ದು ನೀರಿಗೆ ಮೂಗು ತಾಗಿಸಿ ಏನಕ್ಕೋ ಬೆದರಿ ತಿರುಗಿತು, ಅದರ ಹಿಂದೆಯೇ ಅಷ್ಟೂ ಪ್ರಾಣಿಗಳು ಧೂಳೆಬ್ಬಿಸಿಕೊಂಡು ಹೊರಟುಹೋದವು. ಜುಲೈನಿಂದ ಅಕ್ಟೋಬರ್‌ವರೆಗೆ ಹಿಂಡುಗಳು ಅಲ್ಲಿರುತ್ತವೆ ಎನ್ನಬಹುದು, ಇಂಥ ದಿನವೇ ದಾಟುತ್ತವೆ ಎನ್ನಲಾಗದು. ಇನ್ನೊಂದು, ಚೀತಾ. ಮಾರಾ ಮೀಸಲು ಪ್ರದೇಶದಲ್ಲಿ ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸುವಂತಿಲ್ಲ. ಚೀತಾ ಹೆಚ್ಚಾಗಿ ಹಗಲಲ್ಲೇ ಬೇಟೆಯಾಡುತ್ತದೆ, ಗಾಡಿಗಳು ಮುತ್ತಿಕೊಂಡರೆ ಬೇಟೆ ತಪ್ಪಿ ಮರಿಗಳು ಹಸಿದಿರಬೇಕಾಗುತ್ತದೆ. ಆ ಡ್ರೈವರ್ ಮಾಡಿದ್ದು ಸರಿ.

ನಿಮ್ಮ ದುಡ್ಡು ಹೋಗಿರುವುದು ಗೇಟಿನಲ್ಲಿ. 2024ರಲ್ಲಿ ಏರಿಸಿದ ದರದಂತೆ, ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದ ವಯಸ್ಕರಿಗೆ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್, 9ರಿಂದ 17 ವರ್ಷದವರಿಗೆ 50. ನಿಮ್ಮ ನಾಲ್ವರಿಗೆ ದಿನಕ್ಕೆ 500 ಆಯಿತು. ಎರಡು ದಿನದ 1,000 ಡಾಲರ್ ಎಲ್ಲಿ ಹೋಯಿತು? ಮೂರೂ ದಿನದ ಪ್ರವೇಶ ರಸೀದಿ ಕೊಡಿ ಎಂದು ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಬೇಡ. ಗೇಟಿನ ಹೊರಗೆ ಮಸಾಯಿ ಜನರ ಜಮೀನಿನಲ್ಲಿ ಕನ್ಸರ್ವೆನ್ಸಿಗಳು, ಅಂದರೆ ವನ್ಯಜೀವಿ ರಕ್ಷಿತ ಪ್ರದೇಶಗಳಿವೆ, ಅಲ್ಲೂ ಒಳ್ಳೆಯ ಸಫಾರಿ ಆಗುತ್ತದೆ. ‘ಅಲ್ಲಿಗೆ ಕರೆದೊಯ್ದಿದ್ದೆವು’ ಎಂದರೆ ಅದಕ್ಕೂ ಬೇರೆ ಶುಲ್ಕವಿದೆ, ಆ ರಸೀದಿಯನ್ನೂ ಕೇಳಿ. ವ್ಯಾನಿನ ವ್ಯತ್ಯಾಸದ ಹಣವನ್ನು ಇದೇ ಪತ್ರದಲ್ಲಿ ಸೇರಿಸಿ.

‘ವಾಪಸ್ ಇಲ್ಲ’ ಎಂಬ ಷರತ್ತಿಗೆ ಹೆದರಬೇಡಿ. ನೀವಾಗಿ ಪ್ರವಾಸ ರದ್ದು ಮಾಡಿದ್ದರೆ ಆ ಮಾತು ಬೇರೆ. ದುಡ್ಡು ತೆಗೆದುಕೊಂಡು ಹೇಳಿದ್ದನ್ನು ಕೊಡದಿದ್ದರೆ ಅದು ಸೇವಾ ನ್ಯೂನತೆ.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ತಿಳಿಸಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಏಜೆಂಟರು ಬೆಂಗಳೂರಿನವರಾದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಮೈಸೂರಿನಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನೀವು ಕಟ್ಟಿದ ಮೊತ್ತ 5ರಿಂದ 10 ಲಕ್ಷದ ನಡುವೆ ಇರುವುದರಿಂದ ಶುಲ್ಕ 200 ರೂ. ವಕೀಲರು ಕಡ್ಡಾಯವಲ್ಲ.

ಇನ್ನೊಂದು ಸಾಕ್ಷಿ ನಿಮ್ಮ ಪ್ಯಾನ್ ಖಾತೆಯಲ್ಲೇ ಇರಬಹುದು. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್ (ಮಾರುವವರೇ ಗ್ರಾಹಕರಿಂದ ಹಿಡಿಯುವ ಆದಾಯ ತೆರಿಗೆ) ವಸೂಲು ಮಾಡಿ ನಿಮ್ಮ ಹೆಸರಿಗೆ ಜಮಾ ಮಾಡಲೇಬೇಕು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಇದ್ದರೆ, ಯಾರು ಎಷ್ಟು ತೆಗೆದುಕೊಂಡರು ಎಂಬುದಕ್ಕೆ ಸರ್ಕಾರದ ದಾಖಲೆಯೇ ಸಿಕ್ಕಿತು. ಬಿಲ್ಲಿನಲ್ಲಿ ಟಿಸಿಎಸ್ ಹಿಡಿದೂ ಅಲ್ಲಿ ಕಾಣದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ವಾಟ್ಸ್‌ಆ್ಯಪ್ ಮಾತುಕತೆಯನ್ನು ಇವತ್ತೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಮಕ್ಕಳು ತೆಗೆದ ಫೋಟೊಗಳನ್ನೂ ಅಳಿಸಬೇಡಿ. ಲೊಕೇಶನ್ ಆನ್ ಇದ್ದಿದ್ದರೆ, ಆ ಎರಡು ದಿನ ನೀವು ಎಲ್ಲಿದ್ದಿರಿ ಎಂಬುದು ಅವುಗಳಲ್ಲೇ ದಾಖಲಾಗಿರುತ್ತದೆ.