ಪ್ರತಿಕ್ರಿಯೆ: ಸದಸ್ಯೆಯ ಬದಲು ಅವರ ಪತಿ ಸಭೆಯಲ್ಲಿ ಮಾತನಾಡುತ್ತಿದ್ದರೆ

ನಿಮ್ಮ ವಾರ್ಡಿನ ಸದಸ್ಯೆಯ ಪರವಾಗಿ ಪತಿಯೇ ಗ್ರಾಮ ಪಂಚಾಯಿತಿ ಸಭೆಯಲ್ಲಿ ಕೂತು ಮಾತನಾಡುತ್ತಾರೆ, ಏನು ಮಾಡಬೇಕು ಎಂದು ಬರೆದಿದ್ದೀರಿ. ಇದಕ್ಕೆ ಊರಿನವರ ರೂಢಿಯೂ ಕಾರಣವಿರಬೇಕು. ನಲ್ಲಿ ನೀರು ನಿಂತರೂ ಬೀದಿದೀಪ ಕೆಟ್ಟರೂ ಎಲ್ಲರೂ ಕರೆ ಮಾಡುವುದು ಪತಿಯ ಮೊಬೈಲಿಗೇ. ಆದ್ದರಿಂದ ಮೊದಲು ಸದಸ್ಯೆಯ ಸ್ವಂತ ಸಂಖ್ಯೆಯನ್ನು ಕೇಳಿ ಪಡೆದು, ಅವರ ಒಪ್ಪಿಗೆಯೊಂದಿಗೆ ಅಕ್ಕಪಕ್ಕದ ಮನೆಗಳಿಗೂ ಕೊಡಿ. ಅರ್ಜಿಯನ್ನು ಅವರ ಹೆಸರಿಗೇ ಬರೆದು, ಅವರ ಕೈಗೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಅವರಿಂದಲೇ ಸಹಿ ಹಾಕಿಸಿಕೊಳ್ಳಿ. ಈ ಸಹಿ ಸಣ್ಣದಾಗಿ ಕಂಡರೂ, ಕೆಲಸ ಕೇಳಬೇಕಾದದ್ದು ಯಾರನ್ನು ಎಂಬುದು ಆ ಮನೆಯವರಿಗೂ ಊರಿಗೂ ತಿಳಿಯುವುದು ಅಲ್ಲಿಂದಲೇ.

ಸಭೆಯ ನೋಟಿಸು ಬಂದಾಗ ಸ್ವಸಹಾಯ ಸಂಘದ ಇಬ್ಬರು ಮೂವರೊಂದಿಗೆ ಹೋಗಿ ಕಾರ್ಯಸೂಚಿಯನ್ನು ಸದಸ್ಯೆಯ ಜೊತೆ ಓದಿ, ಒಂದೇ ಒಂದು ವಿಷಯವನ್ನು ಅವರೇ ಮಂಡಿಸುವಂತೆ ಸಿದ್ಧಪಡಿಸಿ. ಅದು ನಡಾವಳಿಯಲ್ಲಿ ಅವರ ಹೆಸರಿನಲ್ಲಿ ದಾಖಲಾಗಲಿ. ಗ್ರಾಮಸಭೆಯಲ್ಲಿ ನೀವೂ ಪ್ರಶ್ನೆಯನ್ನು ಅವರನ್ನೇ ಉದ್ದೇಶಿಸಿ ಕೇಳಿ.

ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 50ರಷ್ಟು ಸ್ಥಾನ ಮೀಸಲಿರುವುದು ಅವರೇ ಕುಳಿತು ನಿರ್ಧರಿಸಲೆಂದು. ಮನೆಯಲ್ಲಿ ಸದಸ್ಯೆಯ ಮೇಲೆ ಒತ್ತಡವಿದೆಯೇ ಎಂಬುದು ನಿಮ್ಮ ಬರಹದಿಂದ ಸ್ಪಷ್ಟವಾಗುವುದಿಲ್ಲ. ಹಾಗಾಗಿ ದೂರು ಕೊಡುವ ಮುನ್ನ ಅವರೊಬ್ಬರನ್ನೇ ಕಂಡು ವಿಚಾರಿಸಿ. ಅವರು ಒಪ್ಪಿದರೆ, ಸದಸ್ಯರಲ್ಲದವರನ್ನು ಸದಸ್ಯರ ಆಸನದಲ್ಲಿ ಕೂರಿಸಬಾರದೆಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಕ್ರಮವಾಗದಿದ್ದರೆ ಅದೇ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಸಲ್ಲಿಸಿ.