ಕಂಬಳದ ಪರ ಇರುವವರು, ವಿರೋಧಿಸುವವರು ಒಂದೇ ಓಟವನ್ನು ತೋರಿಸಿ ಜನರನ್ನು ಹೇಗೆ ಒಲಿಸಿಕೊಳ್ಳುತ್ತಾರೆ?

ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನೇ ತಮಗೆ ಬೇಕಾದ ಹಾಗೆ ಬದಲಾಯಿಸುತ್ತಾರೆ.

ಪೆಟಾದಂಥ ಪ್ರಾಣಿ ಹಕ್ಕುಗಳ ಸಂಘಟನೆ ಕೇಳುವುದು, "ಕೋಣಕ್ಕೆ ನೋವಾಗುತ್ತದೆಯೇ?" ಅದಕ್ಕೇ ಬಾರುಕೋಲು, ನೊರೆ ಸುರಿಯುವ ಬಾಯಿಯ ಚಿತ್ರಗಳು. ಕರಾವಳಿಯ ಬೆಂಬಲಿಗರು ಕೇಳುವುದು, "ಇದು ನಮ್ಮ ಸಂಪ್ರದಾಯ, ಬೇಡ ಅನ್ನಲು ಹೊರಗಿನವರು ಯಾರು?" ಅವರ ಚಿತ್ರದಲ್ಲಿ ಮಿರಮಿರ ಮಿಂಚುವ ಕೋಣ, ಕೆಸರುಗದ್ದೆ, ಕಿಕ್ಕಿರಿದ ಜನ. ಮೊದಲ ಪ್ರಶ್ನೆ ಒಪ್ಪಿಕೊಂಡವರಿಗೆ ಸಂಪ್ರದಾಯ ಸುಮ್ನೆ ಒಂದು ನೆಪ. ಎರಡನೆಯದನ್ನು ಒಪ್ಪಿದವರಿಗೆ ಹಿಂಸೆ ಎಂಬ ಮಾತೇ ಅವಮಾನ. ಪ್ರಶ್ನೆ ಒಪ್ಪಿದರೆ ಅರ್ಧ ಉತ್ತರ ಒಪ್ಪಿದ ಹಾಗೇ ಅಲ್ವಾ?

ನನಗೆ ಜಾಸ್ತಿ ಜಾಣತನ ಕಾಣುವುದು "ಕೋಣಗಳನ್ನು ಮನೆಮಕ್ಕಳ ಹಾಗೆ ಸಾಕುತ್ತೇವೆ" ಎಂಬ ಮಾತಿನಲ್ಲಿ. ಅದು ಎದುರಾಳಿಯ ಅಂಗಳಕ್ಕೇ ಹೋಗಿ ಆಡುತ್ತದೆ. ಆದರೆ ಓಟದ ಆ ಕೆಲವು ಸೆಕೆಂಡುಗಳ ಬಗ್ಗೆ ಏನೂ ಹೇಳುವುದಿಲ್ಲ.

ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿ ಕಾನೂನು ಸಂಪ್ರದಾಯದ ಭಾಷೆಯನ್ನೇ ಬಳಸಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.