ಗೆಳೆಯನ ಜೂಜು, ನನ್ನ ಸಾಲ

ಪ್ರಶ್ನೆ: ಶಿಕಾಗೊ ಹೊರವಲಯದ ಅರೋರಾದಲ್ಲಿದ್ದೇನೆ. ಇಲ್ಲೇ ಪರಿಚಯವಾದ ದಾವಣಗೆರೆಯ ಗೆಳೆಯ ಅಪ್ಪನ ಆಪರೇಷನ್ ಅಂತ ನನ್ನಿಂದ ಎರಡು ಸಾವಿರ ಡಾಲರ್ ತಗೊಂಡ. ನನ್ನ ಹೆಂಡತಿಗೂ ಹೇಳದೆ ಕೊಟ್ಟೆ. ಮೊನ್ನೆ ಪಕ್ಕದ ಊರಿನ ರೆಸ್ಟೋರೆಂಟಿಗೆ ಹೋದರೆ, ಆಫೀಸ್ ಹೊತ್ತಲ್ಲಿ ಜೂಜಿನ ಮಷೀನ್ ಮುಂದೆ ಕೂತಿದ್ದ. ಈಗ ಮತ್ತೆ ಸಾಲ ಕೇಳುತ್ತಿದ್ದಾನೆ. ಹೈವೇ ಪಕ್ಕ ಹೊಸ ಕ್ಯಾಸಿನೊ ಬೇರೆ ಕಟ್ಟಿದ್ದಾರೆ, ಇನ್ನೂ ಹಾಳಾಗುತ್ತಾನೇನೋ. ಅವನ ಹೆಂಡತಿಗೆ ಹೇಳಿಬಿಡಲಾ?

ಉತ್ತರ: ಸಾಲ ಕೊಡಬೇಡಿ. ಈ ಮಾತಲ್ಲಿ ನನಗೆ ಅನುಮಾನವೇ ಇಲ್ಲ.

ಉಳಿದದ್ದು ಅಷ್ಟು ಸುಲಭ ಅಲ್ಲ. ಒಂದು ಸಲ ನೋಡಿದ್ದಕ್ಕೇ ಚಟ ಅನ್ನಲಾಗದು, ಆಪರೇಷನ್ ನಿಜವೂ ಇರಬಹುದು. ಹೊಸ ಕ್ಯಾಸಿನೊ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮೂರಲ್ಲಿ ಫಾಕ್ಸ್ ನದಿ ದಡದಲ್ಲಿ 1993ರಿಂದಲೇ ಕ್ಯಾಸಿನೊ ಇತ್ತಲ್ವಾ? ಅಲ್ಲಿಗೆ ಹೋಗಲು ಮನೆಯಲ್ಲಿ ಏನಾದರೂ ನೆಪ ಹೇಳಬೇಕಿತ್ತು. 2012ರಿಂದ ನಿಮ್ಮ ರಾಜ್ಯ ಇಲಿನಾಯ್‌ನ ಬಾರು, ರೆಸ್ಟೋರೆಂಟುಗಳಿಗೇ ಮಷೀನು ಬಂತು. 2020ರಿಂದ ಮೊಬೈಲಲ್ಲೇ ಮ್ಯಾಚ್ ಬೆಟ್ಟಿಂಗ್. ಈಗ ನೆಪವೂ ಬೇಡ, ಊಟಕ್ಕೆ ಹೋಗಿದ್ದೆ ಅಂದರೆ ಸಾಕು.

ಆ ಮಷೀನಿನ ಲೆಕ್ಕ ನೋಡಿ. ಆಡಿದ ಹಣದಲ್ಲಿ ಸರಾಸರಿ ಕನಿಷ್ಠ 80 ಪರ್ಸೆಂಟ್ ವಾಪಸ್ ಕೊಡಬೇಕು ಅನ್ನುತ್ತದೆ ಅಲ್ಲಿನ ಕಾನೂನು. ಕೇಳಲು ಚೆನ್ನಾಗಿದೆ. ಆದರೆ ಅಷ್ಟೇ ಕೊಡುವ ಮಷೀನಾದರೆ, ಬಂದ 80 ಡಾಲರನ್ನು ಮತ್ತೆ ಆಡಿದಾಗ 64, ಇನ್ನೊಮ್ಮೆ ಆಡಿದಾಗ 51. ಕೂತವರು ಎದ್ದು ಹೋಗುವುದಿಲ್ಲವಲ್ಲ, ಅದೇ ಕಷ್ಟ. ಹೋದದ್ದನ್ನು ಗೆದ್ದೇ ಹೋಗುತ್ತೇನೆ ಅಂತ ಕೂರುತ್ತಾರೆ. ನಿಮ್ಮ ಎರಡನೇ ಸಾಲವೂ ಅಲ್ಲಿಗೇ ಹೋದೀತು.

ಅವರ ಹೆಂಡತಿಗಿಂತ ಮೊದಲು ಅವರ ಹತ್ತಿರವೇ ಮಾತಾಡಿ. ಫೋನಲ್ಲಿ ಬೇಡ, ಇಬ್ಬರೇ ಇರುವಾಗ. "ನಿನ್ನನ್ನು ಅಲ್ಲಿ ನೋಡಿದೆ, ದುಡ್ಡು ಕೊಡಲ್ಲ, ಆದರೆ ಜೊತೆಗಿರ್ತೀನಿ" ಅಷ್ಟೇ ಹೇಳಿ. ರೇಗಬಹುದು, ರೇಗಲಿ. 1-800-426-2537ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಗುಟ್ಟಾಗಿ ಸಲಹೆ ಸಿಗುತ್ತದೆ. ತನ್ನನ್ನು ಕ್ಯಾಸಿನೊ ಒಳಗೆ ಬಿಡಬೇಡಿ ಅಂತ ರಾಜ್ಯದ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಆದರೆ ಅವರೇ ಬರೆಸಬೇಕು, ನೀವು ಬರೆಸಲಾಗದು. ಮಷೀನು, ಮೊಬೈಲಿಗೆ ಆ ಪಟ್ಟಿಯೊಂದನ್ನೇ ನಂಬಬೇಡಿ.

ಮನೆಯಲ್ಲಿ ನೀನೇ ಹೇಳು ಅಂತ ಎರಡು ವಾರ ಟೈಮ್ ಕೊಡಿ. ಹೇಳದಿದ್ದರೆ ನೀವು ಹೇಳಿ. ಬಾಡಿಗೆ, ಮಕ್ಕಳ ಫೀಸು ಆ ಹೆಣ್ಣುಮಗಳದ್ದೂ ಹೌದು. ಮನೆ ಮುರಿದವನು ಅಂತ ಅನ್ನಿಸಿಕೊಳ್ಳುವ ಭಯಕ್ಕೆ ಸುಮ್ನೆ ಇರಬೇಡಿ.

ನಿಮ್ಮ ಹೆಂಡತಿಗೆ ಮಾತ್ರ ಇವತ್ತೇ ಹೇಳಿ. ಅವರ ದುಡ್ಡೂ ಅದರಲ್ಲಿತ್ತು.